ನಿಮ್ಮ ಬೀದಿಯ ಒಂದು ಕ್ರಾಸಿಂಗ್ ಸರಿಮಾಡುವುದು ಹೇಗೆ? ಬೆಂಗಳೂರಿಗರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಲೇಔಟಿನ ಮೇನ್ ರೋಡಿಗೆ ಹಂಪ್ ಬೇಕು ಅಂತ ಆರು ತಿಂಗಳು ಓಡಾಡಿದವನು ನಾನೇ. ಕೊನೆಗೂ ಹಂಪ್ ಬಂತು. ಬಂದ ಮೂರನೇ ರಾತ್ರಿ ಅದೇ ಹಂಪ್ ಮೇಲೆ ಒಬ್ಬ ಡೆಲಿವರಿ ಹುಡುಗ ಸ್ಕೂಟರ್ ಸಮೇತ ಬಿದ್ದ. ಹೆಲ್ಮೆಟ್ ಇತ್ತು, ತಲೆ ಉಳಿಯಿತು. ಭುಜದ ಎಲುಬು ಮುರಿಯಿತು. ಸುತ್ತ ಸೇರಿದವರೆಲ್ಲ ಹೇಳಿದ್ದು ಒಂದೇ ಮಾತು: "ಸ್ಪೀಡಾಗಿ ಬಂದ, ಬಿದ್ದ."

ಬೆಳಿಗ್ಗೆ ಹೋಗಿ ನೋಡಿದೆ. ಹಂಪ್‌ಗೆ ಬಿಳಿ ಪಟ್ಟಿ ಇರಲಿಲ್ಲ. ಮುಂಚೆ ಬೋರ್ಡ್ ಇರಲಿಲ್ಲ. ಎರಡು ದೀಪದ ಕಂಬಗಳ ನಡುವಿನ ಕತ್ತಲಲ್ಲೇ ಹಾಕಿದ್ದರು. ಮೇಲಾಗಿ ಅದು ಹಂಪ್ ಅನ್ನುವಂತೆಯೂ ಇರಲಿಲ್ಲ, ಟಾರಿನ ಗೋಡೆಯ ಹಾಗಿತ್ತು. ಹುಡುಗ ಸ್ಪೀಡಾಗಿ ಬಂದದ್ದು ನಿಜವೇ ಇರಬಹುದು. ಆದರೆ ಆ ತಪ್ಪಿಗೆ ಎಲುಬು ಮುರಿಯುವ ಶಿಕ್ಷೆ ಕೊಟ್ಟದ್ದು ರಸ್ತೆ. ಆ ರಸ್ತೆ ಹಾಗಾಗಲಿ ಅಂತ ಅರ್ಜಿ ಬರೆದವನು ನಾನು.

ಆಮೇಲೆ ಓದಿ, ಕೇಳಿ, ಬೀದಿಯಲ್ಲಿ ನಿಂತು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಡೀ ಬೆಂಗಳೂರನ್ನು ಸರಿಮಾಡುವ ಯೋಜನೆ ಇದಲ್ಲ. ಒಂದು ಬೀದಿ, ಒಂದು ಕ್ರಾಸಿಂಗ್, ನಾಲ್ಕು ಜನ, ಮೂರು ನಾಲ್ಕು ತಿಂಗಳು. ಅಪಾರ್ಟ್‌ಮೆಂಟ್ ಸಂಘದವರು, ಶಾಲೆಯ ಪೋಷಕರು, ಬೀದಿ ಬದಿಯ ಅಂಗಡಿಯವರು, ಯಾರು ಬೇಕಾದರೂ ಮಾಡಬಹುದು.

ಮೊದಲು ಪ್ರಶ್ನೆ ಬದಲಿಸಿಕೊಳ್ಳಿ

ಅಪಘಾತವಾದ ಕೂಡಲೇ ನಾವು ಕೇಳುವುದು "ತಪ್ಪು ಯಾರದು?" ಅಂತ. ಆ ಪ್ರಶ್ನೆ ಕೋರ್ಟಿಗೆ ಬೇಕು, ಇನ್ಶೂರೆನ್ಸ್‌ನವರಿಗೆ ಬೇಕು. ರಸ್ತೆ ಸರಿಮಾಡಲು ಹೊರಟವರು ಕೇಳಬೇಕಾದ್ದು ಬೇರೆ: "ಒಂದು ಸಣ್ಣ ತಪ್ಪು ಸಾವಿನ ತನಕ ಹೋದದ್ದು ಹೇಗೆ?"

'ಸೇಫ್ ಸಿಸ್ಟಮ್' ಅನ್ನುವ ವಿಧಾನದ ಬುಡ ಇದೇ. ಸ್ವೀಡನ್ನಿನ ಸಂಸತ್ತು 1997ರಲ್ಲಿ 'ವಿಷನ್ ಝೀರೋ', ಅಂದರೆ ರಸ್ತೆಯಲ್ಲಿ ಯಾರೂ ಸಾಯಬಾರದು ಅನ್ನುವ ಗುರಿ, ಒಪ್ಪಿಕೊಂಡಾಗ ಇದಕ್ಕೆ ದೊಡ್ಡ ಹೆಸರು ಬಂತು. ನೆದರ್ಲೆಂಡ್ಸ್‌ನವರು ಅದಕ್ಕೂ ಕೆಲವು ವರ್ಷ ಮೊದಲೇ ಇಂಥದ್ದನ್ನು ಶುರುಮಾಡಿದ್ದರು. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ. ಮನುಷ್ಯನ ಮೈ ಇಂತಿಷ್ಟೇ ಪೆಟ್ಟು ತಡೆಯುತ್ತದೆ. ಹಾಗಾಗಿ ರಸ್ತೆ, ವೇಗ, ವಾಹನ, ಓಡಿಸುವವರು, ಆಸ್ಪತ್ರೆ ಎಲ್ಲವೂ ಒಂದರ ಹಿಂದೆ ಒಂದು ಬಲೆ ಹಿಡಿದು ನಿಲ್ಲಬೇಕು. ಒಂದು ಬಲೆ ಹರಿದರೆ ಇನ್ನೊಂದು ಹಿಡಿಯಬೇಕು.

ಮನೆಯ ಕರೆಂಟನ್ನೇ ನೋಡಿ. ಮಗು ಪ್ಲಗ್ಗಿಗೆ ಬೆರಳು ಹಾಕುತ್ತದೆ ಅಂತ ನಮಗೆ ಗೊತ್ತು. ಗದರುತ್ತೇವೆ, ಸರಿ. ಆದರೆ ಗದರಿ ಸುಮ್ನೆ ಕೂರುವುದಿಲ್ಲ. ಪ್ಲಗ್ಗಿಗೆ ಮುಚ್ಚಳ ಹಾಕಿಸುತ್ತೇವೆ, ಅರ್ಥಿಂಗ್ ಮಾಡಿಸುತ್ತೇವೆ, ಟ್ರಿಪ್ ಆಗುವ ಸ್ವಿಚ್ ಹಾಕಿಸುತ್ತೇವೆ. ರಸ್ತೆಯಲ್ಲಿ ಮಾತ್ರ "ಅವಸರವೇ ಅಪಘಾತಕ್ಕೆ ಕಾರಣ" ಅಂತ ಬೋರ್ಡ್ ಬರೆಸಿ ಕೈತೊಳೆದುಕೊಳ್ಳುತ್ತೇವೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಬೋರ್ಡುಗಳೇನೂ ಕಡಿಮೆ ಇರಲಿಲ್ಲ, ಅಲ್ವಾ?

ವೇಗದ ಲೆಕ್ಕ ಬಾಯಿಗೆ ಬರಲಿ

ಸಭೆಯಲ್ಲಿ, ಕಚೇರಿಯಲ್ಲಿ, ವಾಟ್ಸಾಪ್ ಗುಂಪಿನಲ್ಲಿ ನೀವು ವಾದ ಮಾಡಬೇಕಾಗುತ್ತದೆ. ಅದಕ್ಕೆ ಈ ಲೆಕ್ಕ ಗೊತ್ತಿರಲಿ. ಉಳಿದದ್ದೆಲ್ಲ ಮರೆತರೂ ಪರವಾಗಿಲ್ಲ.

ಗಂಟೆಗೆ 30 ಕಿ.ಮೀ. ವೇಗದಲ್ಲಿ ಗುದ್ದಿದರೆ ಸುಮಾರು 3.5 ಮೀಟರ್ ಎತ್ತರದಿಂದ ಬಿದ್ದ ಹಾಗೆ. ಅಂದರೆ ಮೊದಲ ಮಹಡಿ. 50ರಲ್ಲಿ ಗುದ್ದಿದರೆ ಸುಮಾರು 10 ಮೀಟರ್, ಮೂರನೇ ಮಹಡಿ. 60 ಆದರೆ 14 ಮೀಟರ್, ನಾಲ್ಕನೆಯದನ್ನೂ ದಾಟಿತು. "ಐವತ್ತು ಏನು ಮಹಾ ಸ್ಪೀಡು" ಅನ್ನುವವರಿಗೆ ಮೂರನೇ ಮಹಡಿಯ ಬಾಲ್ಕನಿ ತೋರಿಸಿ.

ಇನ್ನು ಬ್ರೇಕ್. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. 30ರಲ್ಲಿ ಬರುವ ಕಾರು ಒಣ ರಸ್ತೆಯಲ್ಲಿ ಒಟ್ಟು 18 ಮೀಟರಿನಲ್ಲಿ ನಿಲ್ಲುತ್ತದೆ. 50ರಲ್ಲಿ ಬರುವುದು ನಿಲ್ಲಲು 35 ಮೀಟರ್ ಬೇಕು. ಅದರಲ್ಲಿ ಬ್ರೇಕ್ ಒತ್ತುವ ಮೊದಲೇ 21 ಮೀಟರ್ ಹೋಗಿರುತ್ತದೆ. ಈಗ 20 ಮೀಟರ್ ದೂರದಲ್ಲಿ, ನಿಂತ ವಾಟರ್ ಟ್ಯಾಂಕರಿನ ಹಿಂದಿನಿಂದ ಮಗು ಓಡಿಬಂತು ಅಂದುಕೊಳ್ಳಿ. 30ರ ಕಾರು ಮಗುವಿನ ಮುಂದೆ ನಿಲ್ಲುತ್ತದೆ. 50ರ ಕಾರು ಪೂರ್ತಿ 50ರಲ್ಲೇ ಗುದ್ದುತ್ತದೆ. ಡ್ರೈವರ್ ಇಬ್ಬರೂ ಅಷ್ಟೇ ಒಳ್ಳೆಯವರು, ಅಷ್ಟೇ ಎಚ್ಚರದವರು.

ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವು ತರುವ ಅಪಘಾತದ ಸಾಧ್ಯತೆ ಶೇ 4ರಷ್ಟು ಏರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಂಟು ಹತ್ತು ಕಿ.ಮೀ. ಇಳಿಸಿದರೂ ಲಾಭ ದೊಡ್ಡದು ಅಂತಾಯಿತು.

"ಬೆಂಗಳೂರಿನಲ್ಲಿ ಎಲ್ರೀ ಸ್ಪೀಡು?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ನ್ಯಾಯವೇ. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ ಲೆಕ್ಕದಲ್ಲಿ 2023ರಲ್ಲಿ ನಗರದ ಮಧ್ಯಭಾಗದಲ್ಲಿ 10 ಕಿ.ಮೀ. ಹೋಗಲು ಸರಾಸರಿ 28 ನಿಮಿಷ ಹಿಡಿದಿತ್ತು. ಆದರೆ ಅದು ಸರಾಸರಿ. ಅದೇ ರಸ್ತೆ ರಾತ್ರಿ ಹನ್ನೊಂದಕ್ಕೆ ಖಾಲಿಯಾದಾಗ ನೋಡಿ. ಹಗಲಿಡೀ ಸಿಗ್ನಲ್ಲಿನಲ್ಲಿ ನಿಂತು ಬೇಸತ್ತ ಊರು ರಾತ್ರಿ ಸೇಡು ತೀರಿಸಿಕೊಳ್ಳುತ್ತದೆ. ಅಗಲ ರಸ್ತೆ, ಜಾಮ್ ಇಲ್ಲ, ತಡೆಯುವುದು ಯಾವುದೂ ಇಲ್ಲ. ಜಾಮ್ ನಮ್ಮನ್ನು ಕಾಯುತ್ತದೆ ಅನ್ನುವ ಸುರಕ್ಷತೆ ಸುರಕ್ಷತೆಯೇ ಅಲ್ಲ.

ಹಂತ 1: ಜಾಗ ಆರಿಸಿ

ಕೇಂದ್ರ ಸಾರಿಗೆ ಸಚಿವಾಲಯದ ಪ್ರಕಾರ 'ಬ್ಲ್ಯಾಕ್ ಸ್ಪಾಟ್' ಅನ್ನಿಸಿಕೊಳ್ಳಲು ಸುಮಾರು 500 ಮೀಟರ್ ರಸ್ತೆಯಲ್ಲಿ ಮೂರು ವರ್ಷದಲ್ಲಿ ಸಾವು ಅಥವಾ ಗಂಭೀರ ಗಾಯದ 5 ಅಪಘಾತ ಆಗಿರಬೇಕು, ಇಲ್ಲವೇ 10 ಜನ ಸತ್ತಿರಬೇಕು. ಅದು ಹೆದ್ದಾರಿಗಳಿಗೆ ಅಂತ ಮಾಡಿದ ಅಳತೆ. ನಿಮ್ಮ ಬೀದಿಯಲ್ಲಿ ಹತ್ತು ಹೆಣ ಬೀಳುವ ತನಕ ಕಾಯಬೇಕಿಲ್ಲ.

ಶಾಲೆಯ ಗೇಟು, ಬಸ್ ಸ್ಟಾಪ್, ದರ್ಶಿನಿ, ಮಾರ್ಕೆಟ್, ಮೆಟ್ರೊ ಸ್ಟೇಷನ್ ಬಾಗಿಲು, ಇವುಗಳ 100 ಮೀಟರ್ ಒಳಗಿನ ಜಾಗ ಆರಿಸಿ. ನೆರೆಯವರನ್ನು ಒಂದೇ ಪ್ರಶ್ನೆ ಕೇಳಿ: "ಎಲ್ಲಿ ದಾಟುವಾಗ ನಿಮಗೆ ಭಯ?" ಹತ್ತರಲ್ಲಿ ಏಳು ಜನ ಒಂದೇ ಜಾಗ ಹೇಳುತ್ತಾರೆ.

ಜೊತೆಗೆ ಒಂದು ಆರ್‌ಟಿಐ ಅರ್ಜಿ ಹಾಕಿ. 10 ರೂಪಾಯಿ, 30 ದಿನ. ನಿಮ್ಮ ವ್ಯಾಪ್ತಿಯ ಸಂಚಾರ ಠಾಣೆಯಿಂದ ಆ ರಸ್ತೆಯ ಮೂರು ವರ್ಷದ ಅಪಘಾತಗಳ ಸಂಖ್ಯೆ, ಜಾಗ, ಸಮಯ, ಯಾವ ವಾಹನ, ಯಾರಿಗೆ ಪೆಟ್ಟು, ಇಷ್ಟು ಕೇಳಿ. ಜನರ ಹೆಸರು ಕೇಳಬೇಡಿ, ನಮಗದು ಬೇಡ, ಅರ್ಜಿ ತಿರಸ್ಕಾರವಾಗಲು ನೆಪ ಅಷ್ಟೇ.

ಹಂತ 2: ನಿಂತು ನೋಡಿ

ಮೂರು ಹೊತ್ತು, ಒಂದೊಂದು ಗಂಟೆ: ಬೆಳಿಗ್ಗೆ ಶಾಲೆಯ ಸಮಯ, ಸಂಜೆ ಕತ್ತಲಾಗುವ ಸಮಯ, ರಾತ್ರಿ ಹನ್ನೊಂದರ ಆಸುಪಾಸು. ಸಾಧ್ಯವಾದರೆ ಒಂದು ಮಳೆಯ ದಿನ. ನೀರು ನಿಂತ ರಸ್ತೆಯಲ್ಲಿ ಬೈಕುಗಳು ಯಾವ ಕಡೆ ಸರಿಯುತ್ತವೆ ಅನ್ನುವುದು ಒಣ ದಿನದಲ್ಲಿ ಗೊತ್ತಾಗುವುದೇ ಇಲ್ಲ.

ಒಂದು ಹಾಳೆಯಲ್ಲಿ ರಸ್ತೆಯ ಚಿತ್ರ ಬರೆದುಕೊಳ್ಳಿ. ಜನ ದಾಟುವ ದಾರಿಗಳನ್ನು ಗೆರೆ ಎಳೆಯಿರಿ. ಝೀಬ್ರಾ ಎಲ್ಲಿದೆ ಅಂತಲ್ಲ, ಜನ ನಿಜಕ್ಕೂ ಎಲ್ಲಿ ದಾಟುತ್ತಾರೆ ಅಂತ. ನಮ್ಮಲ್ಲಿ ಝೀಬ್ರಾ ಇದ್ದದ್ದು ಸಿಗ್ನಲ್ ಹತ್ತಿರ, ಜನ ದಾಟುತ್ತಿದ್ದದ್ದು 60 ಮೀಟರ್ ಈಚೆ, ಬಸ್ ಸ್ಟಾಪಿನಿಂದ ಇಡ್ಲಿ ಅಂಗಡಿಗೆ. ಜನ ತಪ್ಪು ಅನ್ನಬಹುದು. ಝೀಬ್ರಾ ತಪ್ಪು ಜಾಗದಲ್ಲಿದೆ ಅಂತಲೂ ಅನ್ನಬಹುದು. ಎರಡನೆಯದನ್ನು ಒಂದು ಡಬ್ಬ ಪೇಂಟಿನಲ್ಲಿ ಸರಿಮಾಡಬಹುದು.

ತಪ್ಪಿದ ಅಪಘಾತಗಳನ್ನು ಎಣಿಸಿ. ಕಿರ್ರನೆ ಬ್ರೇಕ್ ಹಾಕಿದ್ದು, ಹ್ಯಾಂಡಲ್ ತಟ್ಟನೆ ತಿರುಗಿಸಿದ್ದು, ದಾಟುತ್ತಿದ್ದವರು ಓಡಿದ್ದು ಅಥವಾ ಹಿಂದೆ ಸರಿದದ್ದು. ಪ್ರತಿ ಸಲ ಚಿತ್ರದ ಮೇಲೆ ಒಂದು ಚುಕ್ಕಿ ಇಡಿ. ಒಂದು ಗಂಟೆಯಲ್ಲಿ ಚುಕ್ಕಿಗಳು ಎಲ್ಲಿ ಗುಂಪುಗಟ್ಟುತ್ತವೆ ಅಂತ ಕಾಣುತ್ತದೆ. ಆ ಗುಂಪೇ ನಿಮ್ಮ ಮುಂದಿನ ಅಪಘಾತದ ವಿಳಾಸ.

ಇನ್ನು ಕೆಲವು ಕಣ್ಣಿಗೆ ಬೀಳುವಂಥವು: ರಿಫ್ಲೆಕ್ಟರ್ ಇಲ್ಲದೆ ಕತ್ತಲಲ್ಲಿ ಶುರುವಾಗುವ ಡಿವೈಡರ್. ಟಾರ್ ಮೇಲೆ ಟಾರ್ ಹಾಕಿ ಗುಂಡಿಯಾಗಿ ಉಳಿದ ಒಳಚರಂಡಿ ಚೇಂಬರ್. ಕೇಬಲ್‌ಗೆ ಅಗೆದು ಅರ್ಧ ಮುಚ್ಚಿದ ಕಾಲುವೆ. ದೀಪವಿಲ್ಲದೆ ನಿಂತ ಲಾರಿ. ತಿರುವಿನಲ್ಲಿ ನೋಟ ಮುಚ್ಚುವ ಫ್ಲೆಕ್ಸ್. ಎಲ್ಲದರ ಫೋಟೊ ತೆಗೆಯಿರಿ. ಜನರ ಮುಖ, ಗಾಡಿ ನಂಬರ್ ಬೇಡ.

ಹಂತ 3: ವೇಗ ಅಳೆಯಿರಿ

ರಾಡಾರ್ ಗನ್ ಬೇಡ. ಟೇಪು, ಸೀಮೆಸುಣ್ಣ, ಮೊಬೈಲ್ ಸಾಕು. ಫುಟ್‌ಪಾತಿನ ಅಂಚಿನಲ್ಲಿ 50 ಮೀಟರ್ ಅಂತರದಲ್ಲಿ ಎರಡು ಗುರುತು ಹಾಕಿ. ಎರಡೂ ಕಾಣುವಂತೆ ಮಹಡಿಯ ಮೇಲಿಂದ ವಿಡಿಯೊ ತೆಗೆಯಿರಿ. ಮನೆಯಲ್ಲಿ ಕೂತು, ಮುಂದಿನ ಚಕ್ರ ಮೊದಲ ಗುರುತು ಮುಟ್ಟಿದ ಕ್ಷಣದಿಂದ ಎರಡನೆಯದು ಮುಟ್ಟುವ ತನಕ ಎಷ್ಟು ಸೆಕೆಂಡ್ ಅಂತ ನೋಡಿ. 180ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಅಂತ ಬರುತ್ತದೆ. 6 ಸೆಕೆಂಡ್ ಆದರೆ 30. 4.5 ಆದರೆ 40. 3.6 ಆದರೆ 50. 3 ಸೆಕೆಂಡ್ ಅಂದರೆ 60.

ನೂರು ವಾಹನ ಅಳೆಯಿರಿ. ಜಾಮ್ ಇಲ್ಲದ ಹೊತ್ತಿನಲ್ಲಿ, ಮುಂದೆ ಯಾರೂ ಅಡ್ಡವಿಲ್ಲದೆ ಬರುವವು ಮಾತ್ರ. ಜೋರಾಗಿ ಹೋದವುಗಳಿಂದ ಶುರುಮಾಡಿ ಪಟ್ಟಿ ಮಾಡಿ, ಹದಿನೈದನೆಯ ಗಾಡಿಯ ವೇಗಕ್ಕೆ ಗೆರೆ ಹಾಕಿ. ಎಂಜಿನಿಯರುಗಳು ಕೇಳುವುದು ಈ ಸಂಖ್ಯೆಯನ್ನೇ. ನೂರರಲ್ಲಿ 85 ಜನ ಇದಕ್ಕಿಂತ ಕಡಿಮೆ ವೇಗದಲ್ಲಿ ಹೋಗುತ್ತಾರೆ ಅಂತ ಅರ್ಥ. "ಗಾಡಿಗಳು ತುಂಬಾ ಫಾಸ್ಟ್ ಸಾರ್" ಅನ್ನುವ ಪತ್ರ ಫೈಲಿಗೆ ಹೋಗುತ್ತದೆ. ಈ ಸಂಖ್ಯೆ ಇರುವ ಪತ್ರಕ್ಕೆ ಉತ್ತರ ಕೊಡಬೇಕಾಗುತ್ತದೆ.

ಹಂತ 4: ಏನು ಕೇಳಬೇಕು?

ನಾನು ಎಡವಿದ್ದು ಇಲ್ಲೇ. "ಹಂಪ್ ಹಾಕಿ" ಅಂತ ಕೇಳಿದೆ, ಹಾಕಿದರು. ಎಂಥ ಹಂಪ್ ಅಂತ ಕೇಳಲಿಲ್ಲ.

ರಸ್ತೆಗಳ ಅಳತೆ, ನಿಯಮ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ (ಐಆರ್‌ಸಿ) ಐಆರ್‌ಸಿ 99 ಅನ್ನುವ ಮಾರ್ಗಸೂಚಿಯಲ್ಲಿ ಹಂಪ್‌ನ ಅಳತೆ ಇದೆ. ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಉದ್ದ, ನಡುವೆ 10 ಸೆಂ.ಮೀ. ಎತ್ತರ, ದುಂಡಗಿನ ಬೆನ್ನು. ಗಂಟೆಗೆ 25 ಕಿ.ಮೀ.ಯಲ್ಲಿ ಆರಾಮಾಗಿ ದಾಟಬಹುದು, ಜೋರಾಗಿ ಹೋದರೆ ಮಾತ್ರ ಕುಲುಕುತ್ತದೆ. ಎದ್ದು ಕಾಣುವ ಬಣ್ಣದ ಪಟ್ಟಿ, ಸುಮಾರು 40 ಮೀಟರ್ ಮುಂಚೆ ಬೋರ್ಡ್, ಮೇಲೆ ದೀಪ. ನಮ್ಮ ಬೀದಿಯದ್ದನ್ನು ಅಳೆದಾಗ ಉದ್ದ ಅರ್ಧ ಮೀಟರೂ ಇರಲಿಲ್ಲ. ಅದು ಮೆಲ್ಲಗೆ ಹೋಗುವವರ ಬೆನ್ನನ್ನೂ ಮುರಿಯುತ್ತದೆ, ಆಂಬುಲೆನ್ಸಿನಲ್ಲಿ ಮಲಗಿದವರನ್ನೂ.

ಹಂಪ್‌ಗಿಂತ ನನಗೆ ಈಗ ಜಾಸ್ತಿ ಇಷ್ಟ ಎತ್ತರಿಸಿದ ಕ್ರಾಸಿಂಗ್. ಫುಟ್‌ಪಾತಿನ ಮಟ್ಟದಲ್ಲೇ ಝೀಬ್ರಾ ಮುಂದುವರಿಯುತ್ತದೆ. ನಡೆಯುವವರು ಇಳಿದು ಹತ್ತಬೇಕಿಲ್ಲ, ಗಾಡಿಗಳೇ ಹತ್ತಿ ಇಳಿಯಬೇಕು. ವೇಗವೂ ಇಳಿಯಿತು, ದಾಟುವ ಜಾಗವೂ ಆಯಿತು.

ಮುಂದಿನದು ದಾಟುವ ದೂರ. ಇದರ ಲೆಕ್ಕ ಕೇಳಿ. ನಾಲ್ಕು ಲೇನಿನ ರಸ್ತೆ 14 ಮೀಟರ್. ನನ್ನ ತಾಯಿ ಸೆಕೆಂಡಿಗೆ 0.8 ಮೀಟರ್ ನಡೆಯುತ್ತಾರೆ. ದಾಟಲು ಹದಿನೇಳೂವರೆ ಸೆಕೆಂಡ್ ಬೇಕು. ಅಷ್ಟರಲ್ಲಿ 50ರಲ್ಲಿ ಬರುವ ಕಾರು 243 ಮೀಟರ್ ಬಂದಿರುತ್ತದೆ. ಅಂದರೆ ಎರಡೂ ಕಡೆ ಕಾಲು ಕಿಲೋಮೀಟರ್ ರಸ್ತೆ ಖಾಲಿ ಇದ್ದರೆ ಮಾತ್ರ ಅಮ್ಮ ಕಾಲಿಡಬಹುದು. ಬೆಂಗಳೂರಿನಲ್ಲಿ ಅದು ಸಿಗುವುದು ದೀಪಾವಳಿ ರಜೆಯಲ್ಲಿ. ಈಗ ಮಧ್ಯದಲ್ಲಿ ನಿಲ್ಲಲು ಎರಡು ಮೀಟರಿನ ಒಂದು ಕಟ್ಟೆ ಕೊಡಿ, ವೇಗವನ್ನು 30ಕ್ಕೆ ಇಳಿಸಿ. ಒಂದು ಸಲಕ್ಕೆ ಹೆಚ್ಚೆಂದರೆ 7 ಮೀಟರ್, ಒಂದೇ ಕಡೆ ನೋಡಬೇಕು, ಬೇಕಾದ ಖಾಲಿ ಜಾಗ ಬರೀ 73 ಮೀಟರ್. ಅಮ್ಮ ಬದಲಾಗಲಿಲ್ಲ, ಡ್ರೈವರ್ ಬದಲಾಗಲಿಲ್ಲ.

ತಿರುವಿನ ಮೂಲೆಯನ್ನು ಬಿಗಿ ಮಾಡಲು ಕೇಳಿ. ದುಂಡಗೆ ಅಗಲವಾಗಿದ್ದರೆ ಗಾಡಿಗಳು ವೇಗ ಇಳಿಸದೆ ತಿರುಗುತ್ತವೆ. ಸಿಗ್ನಲ್ ಕಾಯದೆ ಎಡಕ್ಕೆ ತಿರುಗಲು ಬಿಡುವ 'ಫ್ರೀ ಲೆಫ್ಟ್' ಅನ್ನುವುದಂತೂ ನಡೆಯುವವರ ಪಾಲಿಗೆ ಹಸಿರು ದೀಪವೇ ಬರದ ಸಿಗ್ನಲ್. ಫುಟ್‌ಪಾತಿಗೆ ಐಆರ್‌ಸಿ 103ರಲ್ಲಿ ಹೇಳಿದಂತೆ ಅಡ್ಡಿಯಿಲ್ಲದ ಕನಿಷ್ಠ 1.8 ಮೀಟರ್ ಅಗಲ ಇರಲಿ, ಎತ್ತರ 15 ಸೆಂ.ಮೀ. ದಾಟದಿರಲಿ. ಒಂದೂವರೆ ಅಡಿ ಎತ್ತರದ ಫುಟ್‌ಪಾತು ಮೊಣಕಾಲು ನೋವಿನವರನ್ನು ರಸ್ತೆಗೆ ತಳ್ಳುತ್ತದೆ.

ಸ್ಕೈವಾಕ್ ಕೇಳಬೇಡಿ. ಹತ್ತು ಲೇನಿನ ಹೆದ್ದಾರಿಗೆ ಸರಿ. ಲೇಔಟಿನ ರಸ್ತೆಗೆ ಅದು ಬೇಡ. ಕೆಳಗೆ ಬಸ್ಸು ಹೋಗುವಷ್ಟು ಎತ್ತರಕ್ಕೆ ಮೂವತ್ತೈದು ಮೆಟ್ಟಿಲಾದರೂ ಹತ್ತಬೇಕು, ಮತ್ತೆ ಅಷ್ಟೇ ಇಳಿಯಬೇಕು. ತರಕಾರಿ ಚೀಲ ಹಿಡಿದವರು ಕೆಳಗೇ ದಾಟುತ್ತಾರೆ. ಆಮೇಲೆ "ಸ್ಕೈವಾಕ್ ಕೊಟ್ಟರೂ ಬಳಸಲ್ಲ" ಅಂತ ಅವರ ಮೇಲೇ ತಪ್ಪು ಬರುತ್ತದೆ.

ಮಾದರಿ ನೋಡಬೇಕಾದರೆ ದೂರ ಹೋಗಬೇಕಿಲ್ಲ. ಕಬ್ಬನ್ ಪಾರ್ಕಿಗೆ ಹೋದ ಭಾನುವಾರ ಸೇಂಟ್ ಮಾರ್ಕ್ಸ್ ರಸ್ತೆ, ವಿಠಲ ಮಲ್ಯ ರಸ್ತೆ ಕಡೆ ನಡೆಯಿರಿ. ನಗರದ ಕೆಲವು ರಸ್ತೆಗಳನ್ನು ಹೊಸದಾಗಿ ಕಟ್ಟಿದ ಟೆಂಡರ್ ಶ್ಯೂರ್ ಯೋಜನೆಯಲ್ಲಿ ಲೇನಿನ ಅಗಲ ಒಂದೇ ಸಮ ಮಾಡಿ, ಉಳಿದ ಜಾಗವನ್ನು ಫುಟ್‌ಪಾತಿಗೆ ಕೊಟ್ಟರು. ಕೇಬಲ್, ಪೈಪುಗಳು ಅಡಿಯಲ್ಲಿ ಹೋದವು. 2018ರಲ್ಲಿ ಹೊಸದಾದ ಚರ್ಚ್ ಸ್ಟ್ರೀಟಿನಲ್ಲಿ ಕಲ್ಲುಹಾಸೇ ಗಾಡಿಗಳ ವೇಗ ಇಳಿಸುತ್ತದೆ. ಇವು ದುಬಾರಿ ರಸ್ತೆಗಳು, ಹೌದು. ಆದರೆ ಬಿಗಿ ಮೂಲೆ, ಸಮನಾದ ಲೇನು, ಸರಿಯಾದ ಜಾಗದಲ್ಲಿ ಝೀಬ್ರಾ, ಇವಕ್ಕೆ ಕಲ್ಲುಹಾಸು ಬೇಡ.

ಹಂತ 5: ಉಳಿದ ಬಲೆಗಳು

ರಸ್ತೆ ಸರಿಯಾಗಲು ತಿಂಗಳುಗಳು ಬೇಕು. ಹೆಲ್ಮೆಟ್ ನಾಳೆಯೇ ಆಗುತ್ತದೆ. ಐಎಸ್‌ಐ ಗುರುತು ಇರಲಿ, ಪಟ್ಟಿ ಬಿಗಿಯಾಗಿರಲಿ. ಪೊಲೀಸರಿಗೆ ತೋರಿಸಲು ಇಡುವ ಅರ್ಧ ಟೋಪಿ ಪೆಟ್ಟು ತಡೆಯುವುದಿಲ್ಲ. ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ ಅನ್ನುವುದು ಶಾಲೆಯ ಗೇಟಿನಲ್ಲಿ ನಿಂತರೆ ಯಾರಿಗೂ ನೆನಪಿರುವ ಹಾಗೆ ಕಾಣುವುದಿಲ್ಲ. ಪೋಷಕರ ಗುಂಪು ಮನಸ್ಸು ಮಾಡಿದರೆ ಇದನ್ನು ಒಂದು ತಿಂಗಳಲ್ಲಿ ಬದಲಿಸಬಹುದು.

ಕೊನೆಯ ಬಲೆ ಆಸ್ಪತ್ರೆ. ಬೀದಿಯ ಅಂಗಡಿಯವರು, ಆಟೊ ಸ್ಟ್ಯಾಂಡಿನವರಿಗೆ ಮೂರು ವಿಷಯ ಗೊತ್ತಿರಲಿ. 108 ಅಥವಾ 112ಕ್ಕೆ ಕರೆ. ಹತ್ತಿರದ, ರಾತ್ರಿಯೂ ತೆರೆದಿರುವ ತುರ್ತು ವಿಭಾಗ ಯಾವುದು. ಮತ್ತು ಗಾಯಾಳುವಿಗೆ ನೆರವಾದವರನ್ನು ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಿಸುತ್ತದೆ, ಹೆಸರು ಹೇಳಲೇಬೇಕೆಂಬ ಒತ್ತಾಯವಿಲ್ಲ. 2025ರ ಮೇ ತಿಂಗಳಿಂದ ಗಾಯಾಳುಗಳಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದ ತನಕ 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆಯೂ ಇದೆ. "ಪೊಲೀಸ್ ಕೇಸು ನಮಗ್ಯಾಕೆ" ಅಂತ ನಿಂತು ನೋಡುವ ಕಾಲ ಹೋಗಬೇಕು.

ಹಂತ 6: ಯಾರನ್ನು ಕೇಳುವುದು?

ರಸ್ತೆ ಯಾರದು ಅಂತ ಮೊದಲು ಗೊತ್ತುಮಾಡಿಕೊಳ್ಳಿ. ಬಿಬಿಎಂಪಿ ಜಾಗಕ್ಕೆ 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದಿವೆ. ನಿಮ್ಮದು ಯಾವ ಪಾಲಿಕೆ ಅಂತ ನೋಡಿ. ಬೀದಿಯ ರಸ್ತೆ, ಫುಟ್‌ಪಾತು, ಹಂಪ್ ಪಾಲಿಕೆಯ ಎಂಜಿನಿಯರ್ ಕೈಯಲ್ಲಿ. ಸಿಗ್ನಲ್, ಪಾರ್ಕಿಂಗ್, ವೇಗದ ತಪಾಸಣೆ ಸಂಚಾರ ಪೊಲೀಸರದ್ದು. ಚೇಂಬರ್ ಜಲಮಂಡಳಿಯದು. ಅಡ್ಡ ನಿಂತ ಟ್ರಾನ್ಸ್‌ಫಾರ್ಮರ್ ಬೆಸ್ಕಾಂನದು. ಬಳ್ಳಾರಿ ರಸ್ತೆ, ತುಮಕೂರು ರಸ್ತೆಯಂಥವಾದರೆ ಹೆದ್ದಾರಿ ಪ್ರಾಧಿಕಾರವೂ ಬರುತ್ತದೆ. ಒಂದೇ ಪತ್ರವನ್ನು ಎಲ್ಲರಿಗೂ ಕಳಿಸಿ, ಪ್ರತಿಯೊಬ್ಬರ ಕೆಲಸವನ್ನು ಬೇರೆ ಬೇರೆ ಪ್ಯಾರಾದಲ್ಲಿ ಬರೆಯಿರಿ. ಇಲ್ಲದಿದ್ದರೆ "ಅದು ನಮ್ಮದಲ್ಲ" ಅನ್ನುವ ಕುರ್ಚಿ ಆಟ ಶುರು.

ಪತ್ರ ಎರಡು ಪುಟ ಮೀರಬಾರದು. ಚುಕ್ಕಿಗಳ ಚಿತ್ರ, ವೇಗದ ಸಂಖ್ಯೆ, ನಾಲ್ಕು ಫೋಟೊ, ಅಳತೆ ಸಮೇತ ಮೂರು ಬೇಡಿಕೆ. ಅದರಲ್ಲಿ ಒಂದು ವಾರದೊಳಗೆ ಆಗುವಂಥದ್ದಿರಲಿ, ಪೇಂಟು ಅಥವಾ ದೀಪ. ಅದು ಆದರೆ ಎಂಜಿನಿಯರಿಗೂ ಹುರುಪು, ನಿಮಗೂ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ 198ಎ ಕಲಂ ಪ್ರಕಾರ ಕೆಟ್ಟ ವಿನ್ಯಾಸ, ಕಳಪೆ ನಿರ್ವಹಣೆಯಿಂದ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿ ತನಕ ದಂಡ ಇದೆ. ಅದನ್ನು ಮೊದಲ ಪತ್ರದಲ್ಲೇ ಬೀಸಬೇಡಿ. ಮೂರನೆಯದಕ್ಕೆ ಇಟ್ಟುಕೊಳ್ಳಿ. ಕೆಳಹಂತದ ಎಂಜಿನಿಯರುಗಳಲ್ಲಿ ಕೆಲಸ ಮಾಡಬೇಕು ಅನ್ನುವವರು ನಾವಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ. ಅವರಿಗೆ ಬೇಕಾದ್ದು ಮೇಲಿನವರಿಗೆ ತೋರಿಸಲು ಒಂದು ಕಾಗದ.

ಹಂತ 7: ಮೊದಲು ಕೋನ್, ಆಮೇಲೆ ಕಾಂಕ್ರೀಟ್

ಶಾಶ್ವತ ಕೆಲಸಕ್ಕೆ ಮುಂಚೆ ಒಂದು ವಾರ ಪ್ರಯೋಗ ಮಾಡಲು ಕೇಳಿ. ಸಂಚಾರ ಪೊಲೀಸರ ಒಪ್ಪಿಗೆ ಇಲ್ಲದೆ ರಸ್ತೆಗೆ ಒಂದು ಕಲ್ಲನ್ನೂ ಇಡಬೇಡಿ, ಅದೇ ಅಪಘಾತವಾದೀತು. ಕೋನ್, ಹಗ್ಗ, ರಿಫ್ಲೆಕ್ಟರ್ ಇಟ್ಟು ಮೂಲೆ ಬಿಗಿ ಮಾಡಿ, ಮಧ್ಯದ ಕಟ್ಟೆಯ ಜಾಗ ಗುರುತಿಸಿ. ಶಾಲಾ ಬಸ್ಸು, ಕಸದ ಲಾರಿ ತಿರುಗುತ್ತವಾ ನೋಡಿ. ಅಂಗಡಿಯವರು ಮೊದಲ ದಿನ ಜಗಳಕ್ಕೆ ಬರುತ್ತಾರೆ, ಪಾರ್ಕಿಂಗ್ ಹೋಯಿತು ಅಂತ. ಅವರನ್ನು ಹಂತ 2ರಲ್ಲೇ ಜೊತೆಗೆ ನಿಲ್ಲಿಸಿಕೊಂಡಿದ್ದರೆ ಅರ್ಧ ಜಗಳ ಅಲ್ಲೇ ಮುಗಿದಿರುತ್ತದೆ.

ಕೆಲಸ ಮುಗಿದ ತಿಂಗಳಿಗೆ ಅದೇ ಎರಡು ಗುರುತು, ಅದೇ ಮಹಡಿ, ಅದೇ ಹೊತ್ತು, ಮತ್ತೆ ನೂರು ವಾಹನ. ಹದಿನೈದನೆಯ ಗಾಡಿಯ ವೇಗ 30ರ ಹತ್ತಿರ ಬಂದಿಲ್ಲ ಅಂದರೆ ಕೆಲಸ ಮುಗಿದಿಲ್ಲ, ಪತ್ರ ಮತ್ತೆ ಬರೆಯಿರಿ.

ನಮ್ಮ ಬೀದಿಯ ಟಾರಿನ ಗೋಡೆಯನ್ನು ಕೊನೆಗೆ ಕೆರೆದು ತೆಗೆದರು. ಇಡ್ಲಿ ಅಂಗಡಿಯ ಎದುರು, ದೀಪದ ಕಂಬದ ಅಡಿಯಲ್ಲೇ, ಈಗ ಎತ್ತರಿಸಿದ ಕ್ರಾಸಿಂಗ್ ಇದೆ. ಅದರ ಬಿಳಿ ಪಟ್ಟಿ ಒಂದು ಮಳೆಗಾಲಕ್ಕೆ ಅರ್ಧ ಮಾಸಿತು. ಹಾಗಾಗಿ ಸಂಘದ ಕ್ಯಾಲೆಂಡರಿನಲ್ಲಿ ಪ್ರತಿ ವರ್ಷ ಏಪ್ರಿಲ್ ಮತ್ತು ನವೆಂಬರ್ ಮೊದಲ ವಾರ "ಪೇಂಟು ನೋಡುವುದು" ಅಂತ ಬರೆದಿಟ್ಟಿದ್ದೇವೆ. ಈ ಸಲದ ಸರದಿ ನನ್ನದು.